ಏಳಕ್ಕ ಆರು

1986ರ ಜನವರಿ. ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು. ಕಿಣ್ಣಿ ಸುಲ್ತಾನದ ನಮ್ಮ ಹೊಲದ ಬದುವಿಗೆ ಹತ್ತಿ ಒಂದು ತಗ್ಗು ತೋಡಿ, ಕುಳ್ಳು ಒಟ್ಟಿ, ಮೇಲೆ ತೊಗರಿ ಕಟ್ಟಿಗೆ ಮುರಿದು ಹಾಕಿ ಬೆಂಕಿ ಮಾಡಿದ್ದರು. ಹಾಲುಗಾಳು ತುಂಬಿದ ಜೋಳದ ತೆನೆಗಳು ಬೂದಿಯೊಳಗೆ ಬೇಯುತ್ತಿದ್ದವು. ಮುತ್ಯಾ ಅಂಗೈಗೆ ಗೋಣಿತಟ್ಟಿನ ತುಂಡು ಸುತ್ತಿಕೊಂಡು ಒಂದೊಂದೇ ತೆನೆ ತೆಗೆದು ತಿಕ್ಕುತ್ತಿದ್ದ. ಸೀತನಿ ಬುಟ್ಟಿಗೆ ಬೀಳುವ ಮೊದಲೇ ನಮ್ಮ ಕೈಗಳು ಅಲ್ಲಿರುತ್ತಿದ್ದವು. ಆಯಿ ಸ್ವಲ್ಪ ಹಿಂದೆ, ಹೊಗೆ ಬಾರದ ಕಡೆ, ಶೇಂಗಾ ಹಿಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೊಟ್ಟಷ್ಟೇ ತಿನ್ನಬೇಕು, ಮತ್ತೆ ಕೇಳಬಾರದು.

"ಸಾಲ್ಯಾಗ ಇವತ್ತ ಏನ್ ಹೇಳಿಕೊಟ್ರೋ ತಮ್ಮಾ?" ಅಂದ ಮುತ್ಯಾ.

ನಾನು ಎಪ್ಪತ್ತೆರಡರ ಬರದಲ್ಲಿ ಹುಟ್ಟಿದವನು, ಆಗ ಹದಿಮೂರು ತುಂಬಿತ್ತು. ಗತ್ತಿನಿಂದ ಹೇಳಿದೆ: ಹೋದ ತಿಂಗಳು ಢಾಕಾದಾಗ ಏಳು ದೇಶ ಕೂಡಿ ಒಂದು ಸಂಘ ಮಾಡ್ಯಾವ, ಅದಕ್ಕ ಸಾರ್ಕ್ ಅಂತಾರ. ಬೆರಳು ಮಡಚಿ ಎಣಿಸಿದೆ. ಭಾರತ, ಪಾಕಿಸ್ತಾನ, ಬಾಂಗ್ಲಾ, ಲಂಕಾ, ನೇಪಾಳ, ಭೂತಾನ. ಏಳನೆಯದು ನೆನಪಾಗದೆ ಬೆರಳು ಹಿಡಿದುಕೊಂಡೇ ಕೂತೆ.

"ಕೂಡಿ ಏನ್ ಮಾಡ್ತಾವಂತ?"

"ಇವರ ಮಾಲು ಅವರು ತಗೋತಾರ, ಅವರ ಮಾಲು ಇವರು ತಗೋತಾರ. ನಾಕಾದಾಗ ಸುಂಕ ಇರಂಗಿಲ್ಲ."

ಇದನ್ನು ಮಾಸ್ತರರು ಹೇಳಿದ್ದರೋ ನಾನೇ ಕಟ್ಟಿದೆನೋ, ಈಗ ಹೇಳಲಾರೆ. ಸುಂಕ ಇಳಿಸುವ ಒಪ್ಪಂದಗಳು ಬಂದದ್ದು ಎಷ್ಟೋ ವರ್ಷ ಆದಮೇಲೆ. ಮುತ್ಯಾ ಮಾತ್ರ ತೆನೆ ತಿಕ್ಕುವುದನ್ನು ನಿಲ್ಲಿಸಿದ. ಬುಟ್ಟಿಯಿಂದ ಒಂದಿಷ್ಟು ಕಾಳು ಹೆಕ್ಕಿ ನೆಲದ ಮೇಲೆ ಇಟ್ಟ. ಈ ಕಡೆ ಏಳು, ಆ ಕಡೆ ಆರು. ನಡುವೆ ಬೆರಳಿನಿಂದ ಮಣ್ಣಿನ ಮೇಲೊಂದು ಗೀಟು.

"ಇವು ಎರಡೂ ಸಮ. ಹ್ಯಾಂಗ ಹೇಳು?"

"ಅಲ್ಲಿ ಒಂದು ಕಮ್ಮಿ ಅದ."

"ಕಮ್ಮಿ ಇಲ್ಲ. ಏಳಕ್ಕ ಆರು. ನಮ್ಮ ಏಳು ಹಾಲಿ, ಅವರ ಆರು ಕಲದಾರ. ನಿಮ್ಮ ಮಾಸ್ತರ ಏಳು ದೇಶ ಹೇಳ್ಯಾನ. ನಾ ಹುಟ್ಟಿದಾಗ ಈ ಗೀಟಿನ ಆಚಿ ಒಂದು ದೇಶ, ಈಚಿ ಒಂದು ದೇಶ. ನಿಮ್ಮ ಆಯಿ ಬ್ಯಾರೆ ದೇಶದಾಕಿ."

"ಹೌದು, ಹಡಗದಾಗ ಕೂಡ್ರಿಸಿ ತಂದೀರಲ್ಲ ನನಗ," ಅಂದಳು ಆಯಿ ಹಿಂದಿನಿಂದ.

ನಮ್ಮ ಕಡೆಯ ಹಿರಿಯರ ಬಾಯಲ್ಲಿ ಈಗಲೂ ಉಳಿದಿರುವ ಮಾತು ಮೊಗಲಾಯಿ. ನಿಜಾಮನ ಸೀಮೆಗೆ ಆ ಹೆಸರು. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಮೊಗಲಾಯಿಯೊಳಗೆ. ಸೋಲಾಪುರ ಇಂಗ್ರೇಜಿ. ನಡುವೆ ಅಕ್ಕಲಕೋಟ ಅಂತ ಒಂದು ಸಣ್ಣ ಸಂಸ್ಥಾನ, ಅದರ ರೂಪಾಯಿಯೂ ಇಂಗ್ರೇಜಿಯ ಕಲದಾರವೇ. ನಿಜಾಮನಿಗೆ ತನ್ನದೇ ರೈಲು, ತನ್ನದೇ ಟಪಾಲು, ತನ್ನದೇ ರೂಪಾಯಿ. ಅದು ಹಾಲಿ ಸಿಕ್ಕಾ, ಮೇಲೆ ಚಾರಮಿನಾರಿನ ಚಿತ್ರ. 1918ರಿಂದ ಕಾಗದದ ನೋಟೂ ಬಂದಿತ್ತು. ನೂರು ಕಲದಾರ ಬೇಕಾದರೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಣಿಸಬೇಕು. ಈ ಲೆಕ್ಕ ಹೆಬ್ಬೆಟ್ಟಿನವರಿಗೂ ಬಾಯಿಪಾಠ, ಯಾಕೆಂದರೆ ಸಂತೆಗೆ ಹೋದವರೆಲ್ಲ ಅದನ್ನು ಮಾಡಲೇಬೇಕು. ಸರಾಫನ ಕಟ್ಟೆಗೆ ಹೋದರೆ ಅವನ ವಟ್ಟ ಬೇರೆ ಮುರಿಯುತ್ತಿತ್ತು.

ಸುಂಕದ ಇಲಾಖೆಗೆ ಕರೋಡಗಿರಿ ಅಂತ ಹೆಸರು. ಕಂಪನಿ ಸರಕಾರ 1802ರಲ್ಲೇ ನಿಜಾಮನ ಜೊತೆ ಕರಾರು ಮಾಡಿಕೊಂಡು, ಗಡಿ ದಾಟುವ ಮಾಲಿಗೆ ನೂರಕ್ಕೆ 5ರ ಮೇಲೆ ಸುಂಕ ಎತ್ತಬಾರದು ಅಂತ ಕಟ್ಟು ಹಾಕಿತ್ತು. ನೂರಕ್ಕೆ 5 ಅಂದರೆ ಹೆಚ್ಚೇನಲ್ಲ. ಜರ್ಮನಿಯ ಸಣ್ಣಪುಟ್ಟ ರಾಜ್ಯಗಳು 1834ರಲ್ಲಿ ತಮ್ಮೊಳಗಿನ ಸುಂಕದ ಕಟ್ಟೆಗಳನ್ನೆಲ್ಲ ಕಿತ್ತು ಒಂದೇ ಪೇಟೆ ಮಾಡಿಕೊಂಡವು ಅಂತ ಮುಂದೆ ಕಾಲೇಜಿನಲ್ಲಿ ಓದಿದಾಗ ನನಗೆ ಮುತ್ಯಾನ ಗೀಟು ನೆನಪಾಯಿತು. ನಮ್ಮಲ್ಲಿ ಕಟ್ಟೆ ಕಿತ್ತಿರಲಿಲ್ಲ, ಆದರೂ ಪೇಟೆ ಒಂದೇ ಆಗಿತ್ತು. ಆಳಂದದ ತೊಗರಿ, ಕುಸುಬಿ ದುಧನಿಗೆ ಹೋಗುತ್ತಿತ್ತು, ಅಲ್ಲಿ ರೈಲು ಇತ್ತು. ಸೋಲಾಪುರ ಮಿಲ್ಲಿನ ಬಟ್ಟೆ ಈ ಕಡೆ ಬರುತ್ತಿತ್ತು. ಹೆಣ್ಣು ಕೊಡುವುದು ತರುವುದು ಎರಡೂ ಕಡೆ. ಆ ಕಡೆಯ ಹಳ್ಳಿಗಳಲ್ಲೂ ಕನ್ನಡವೇ. ಗಡಿ ಅಂದರೆ ಒಂದು ಹೊಲದ ಬದು, ಒಂದು ಕಲ್ಲು, ಅದರಾಚೆ ಮತ್ತೆ ಅದೇ ಕರಿ ಎರೆ.

"ಅದು ಬಂದ್ ಆಗಿದ್ದು ಯಾವಾಗ ಹೇಳ್ತೀನಿ ಕೇಳು," ಅಂದ ಮುತ್ಯಾ.

ಅವನಿಗೆ ತಾರೀಖು ಗೊತ್ತಿರಲಿಲ್ಲ. ತಾರೀಖು ನಾನು ಆಮೇಲೆ ಸೇರಿಸಿಕೊಂಡದ್ದು. 1947ರ ನವೆಂಬರ್ 29ಕ್ಕೆ ಹೈದರಾಬಾದಿಗೂ ದಿಲ್ಲಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಅದರ ಮಸಿ ಆರುವುದರೊಳಗೆ ಹೈದರಾಬಾದು ಎರಡು ಫರ್ಮಾನು ಹೊರಡಿಸಿತು: ಬೆಳ್ಳಿ ಬಂಗಾರ ಹಿಂದುಸ್ತಾನಕ್ಕೆ ಹೋಗಬಾರದು, ಹಿಂದುಸ್ತಾನದ ರೂಪಾಯಿ ಮೊಗಲಾಯಿಯೊಳಗೆ ನಡೆಯಬಾರದು. ಮೇಲೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ. ದಿಲ್ಲಿ ಸಿಟ್ಟಾಯಿತು. ನಾವು ಯಾವ ನಾಕಾಬಂದಿಯನ್ನೂ ಮಾಡಿಲ್ಲ ಅಂತ ದಿಲ್ಲಿಯವರು ಹೇಳುತ್ತಲೇ ಇದ್ದರು. ಆದರೆ 1948ರ ಬೇಸಿಗೆ ಹೊತ್ತಿಗೆ ಉಪ್ಪಿಲ್ಲ, ಚಿಮಣಿ ಎಣ್ಣೆ ಇಲ್ಲ, ಔಷಧ ಇಲ್ಲ. ಊರೊಳಗೆ ರಜಾಕಾರರ ಭಯ. ಅವರ ಮುಖಂಡ ಕಾಸಿಂ ರಜ್ವಿ ಲಾತೂರಿನ ವಕೀಲ, ಅಂದರೆ ನಮಗೆ ದೂರದವನಲ್ಲ. ಕತ್ತಲಾದರೆ ಯಾರೂ ದೀಪ ಹಚ್ಚುತ್ತಿರಲಿಲ್ಲ. ಎಣ್ಣೆ ಇಲ್ಲದ್ದಕ್ಕೋ ಅಂಜಿಕೆಗೋ ಅಂತ ಕೇಳಿದರೆ ಮುತ್ಯಾ ಎರಡಕ್ಕೂ ಅನ್ನುತ್ತಿದ್ದ.

"ಆ ಕಡಿ ನಾಕಾದವ್ರು ಉಪ್ಪು ಹೋಗಗೊಡವಲ್ರು, ಈ ಕಡಿ ನಾಕಾದವ್ರು ಕಲದಾರ ಬರಗೊಡವಲ್ರು. ನಡುವ ನಾವು."

ಅಂಥ ಹೊತ್ತಿನಲ್ಲಿ ಆಯಿಯ ತವರಿನಲ್ಲಿ ಅವಳ ತಮ್ಮನ ಲಗ್ನ ಬಂತು. ಊರು ದುಧನಿಯ ಹತ್ತಿರ. ಆಯಿಗೆ ಆಗ ಹದಿನೇಳು, ಮದುವೆಯಾಗಿ ಒಂದು ವರ್ಷ. ಮುತ್ಯಾನಿಗೆ ಇಪ್ಪತ್ತರ ಆಸುಪಾಸು. ಹೋಗಬೇಡಿ ಅಂತ ಮನೆಯ ಹಿರಿಯರು. ಹೋಗಲೇಬೇಕು ಅಂತ ಆಯಿ. ಕೊನೆಗೆ ಬಂಡಿಯಲ್ಲಿ ಎರಡು ಚೀಲ ತೊಗರಿ ಹಾಕಿ, ಮೇಲೆ ಕಣಿಕೆ ಹೊದಿಸಿ, ಎತ್ತಿನ ಕೊರಳ ಗೆಜ್ಜೆ ಬಿಚ್ಚಿಟ್ಟು, ಬೆಳದಿಂಗಳಿಲ್ಲದ ರಾತ್ರಿ ನೋಡಿ ಹೊರಟರು. ಹೋಗುವಾಗ ಏನೂ ಆಗಲಿಲ್ಲ. ಆ ದಾರಿಯ ಬಗ್ಗೆ ಮುತ್ಯಾ ಹೆಚ್ಚು ಹೇಳುತ್ತಿರಲಿಲ್ಲ. ಒಂದು ಹಳ್ಳದಲ್ಲಿ ಎತ್ತು ನೀರು ಕುಡಿದ ಸಪ್ಪಳ ತೋಪು ಹಾರಿಸಿದಂತೆ ಕೇಳಿತು ಅಂದದ್ದಷ್ಟೇ.

ದುಧನಿಯ ಅಡತಿ ಅಂಗಡಿಯಲ್ಲಿ ತೊಗರಿ ತೂಗಿದರು. ಅಡತ್ಯಾ ಕನ್ನಡದವನೇ, ಮುತ್ಯಾನ ಅಪ್ಪನ ಕಾಲದಿಂದ ವ್ಯವಹಾರ. ರೊಕ್ಕ ಎಣಿಸಿ ಗಾದಿಯ ಮೇಲಿಟ್ಟ. ಎಲ್ಲ ಕಲದಾರ. ಮುತ್ಯಾ ಅದನ್ನು ನೋಡಿದ, ಮುಟ್ಟಲಿಲ್ಲ.

"ಒಯ್ದರ ಸಿಕ್ಕೊಳ್ತೀನಿ. ನಿಮ್ಮ ಕಡೇನೇ ಇರ್ಲಿ."

ಅಡತ್ಯಾ ಮತ್ತೆ ರೊಕ್ಕವನ್ನು ಥೈಲಿಗೆ ತುಂಬಿ, ಕೆಂಪು ಬಟ್ಟೆಯ ಖಾತೆ ಪುಸ್ತಕ ಬಿಚ್ಚಿ ಮುತ್ಯಾನ ಅಪ್ಪನ ಹೆಸರಿನ ಕೆಳಗೆ ಬರೆದುಕೊಂಡ. ಚೀಟಿ ಕೊಡಲು ಬಂದ. ಚೀಟಿಯೂ ಬೇಡ ಅಂದ ಮುತ್ಯಾ. ಹುಡುಕಿದವರ ಕೈಗೆ ಚೀಟಿ ಸಿಕ್ಕರೂ ಅಷ್ಟೇ. ಎರಡು ಸರಕಾರಗಳು ಒಂದನ್ನೊಂದು ನಂಬದೆ ಇದ್ದ ಆ ಬೇಸಿಗೆಯಲ್ಲಿ, ಎರಡು ಚೀಲ ತೊಗರಿಯ ಬೆಲೆ ಬರೀ ಒಂದು ಗೆರೆ ಮೋಡಿ ಅಕ್ಷರದಲ್ಲಿ ಆ ಪುಸ್ತಕದೊಳಗೆ ಕೂತಿತು. ಮುತ್ಯಾನಿಗೆ ಮೋಡಿ ಓದಲೂ ಬರುತ್ತಿರಲಿಲ್ಲ. ನಾನು ಅರ್ಥಶಾಸ್ತ್ರ ಓದಿದವನು. ದೇಶ ದೇಶಗಳ ವ್ಯಾಪಾರ ಒಪ್ಪಂದಗಳ ಬಗ್ಗೆ ಯಾರು ಏನು ಹೇಳಿದರೂ ನನ್ನ ತಲೆಯಲ್ಲಿ ಮೊದಲು ಬರುವುದು ಆ ಕೆಂಪು ಬಟ್ಟೆ.

ಲಗ್ನ ಮುಗಿಯಿತು. ಹೊರಡುವ ದಿನ ತವರಿನವರು ಆಯಿಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿನದ ಕೊಂಬು. ಇಷ್ಟು ಎಲ್ಲರೂ ಹಾಕುವುದೇ. ಆಮೇಲೆ ಅವಳವ್ವ ಒಳಗೆ ಹೋಗಿ ಬಂದು, ಅಕ್ಕಿಯ ಕೆಳಗೆ ಬೇರೊಂದು ಅರಿವೆ ಹಾಸಿ, ಅದರಲ್ಲಿ ಹರಳುಪ್ಪು ತುಂಬಿ, ಮೇಲೆ ಮತ್ತೆ ಅಕ್ಕಿ ಹರಡಿ ಗಂಟು ಹಾಕಿದಳಂತೆ.

"ಐದು ಸೇರು ಉಪ್ಪು!" ಅಂದ ಮುತ್ಯಾ, ಕೈ ಅಗಲಿಸಿ.

"ಮೂರು," ಅಂದಳು ಆಯಿ. "ಐದು ಸೇರು ಉಡ್ಯಾಗ ಕಟಗೊಂಡು ಯಾರು ನಡೀತಾರ? ಬಂಡ್ಯಾಗ ಕೂತವ್ರಿಗೆ ಏನ್ ಗೊತ್ತಾಗ್ತದ ಭಾರ."

ಉಡಿಯಲ್ಲಿ ಉಪ್ಪು ಹಾಕುವುದು ಎಲ್ಲಾದರೂ ಉಂಟೇ? ಶಾಸ್ತ್ರಕ್ಕೆ ಬಾರದ್ದು. ಆದರೆ ಆ ವರ್ಷ ಗಡಿಯಾಚೆಯ ತವರಿನಿಂದ ಬಂದ ಹೆಣ್ಣುಮಕ್ಕಳೆಲ್ಲ ಹಾಗೇ ತಂದರಂತೆ. ಹೆಂಗಸಿನ ಉಡಿ ಬಿಚ್ಚಿಸಿ ನೋಡುವಷ್ಟು ಧೈರ್ಯ ಹಿಂದುಸ್ತಾನದ ಕಡೆಯ ಪೊಲೀಸರಿಗೆ ಇರಲಿಲ್ಲ. ಅವರು ಬಂಡಿ ನೋಡಿದರು, ಕಣಿಕೆಯಲ್ಲಿ ಲಾಠಿ ಚುಚ್ಚಿದರು, ಬಿಟ್ಟರು.

ಈ ಕಡೆಯ ನಾಕಾ ಬೇರೆ. ಅಲ್ಲಿ ಹುಡುಕುತ್ತಿದ್ದದ್ದು ಕಲದಾರ. ಒಂದು ತಗಡಿನ ಚಪ್ಪರ, ಒಂದು ಕಂದೀಲು, ಅದರ ಹಿಂದೆ ವಯಸ್ಸಾದ ಮುನ್ಷಿ, ಬಾಗಿಲಲ್ಲಿ ಬಂದೂಕಿನ ಇಬ್ಬರು. ಮುತ್ಯಾನ ಧೋತರದ ಅಂಚು ಮುಟ್ಟಿ ನೋಡಿದರು, ಪಟಗ ಬಿಚ್ಚಿಸಿದರು. ಲಗ್ನದಲ್ಲಿ ಆಹೇರಿ ಬಂದ ಎರಡು ಸೀರೆಗೆ ಮುನ್ಷಿ ಬೆಲೆ ಕಟ್ಟಿ, ಸುಂಕ ಹೇಳಿ, ಉರ್ದುವಿನಲ್ಲಿ ರಸೀದಿ ಬರೆದ. ಆಮೇಲೆ ಕಂದೀಲು ಎತ್ತಿ ಬಂಡಿಯಲ್ಲಿ ಕೂತ ಆಯಿಯ ಕಡೆ ಹಿಡಿದ.

"ಉಡ್ಯಾಗ ಏನದ ಅವ್ವಾ?"

ಇಲ್ಲಿಗೆ ಬಂದಾಗ ಮುತ್ಯಾ ಯಾವಾಗಲೂ ಸುಮ್ಮನಾಗುತ್ತಿದ್ದ. ಮುಂದಿನದು ಆಯಿಯ ಪಾಲು. ಅವಳು ಹಿಂಡಿಯ ಡಬ್ಬಿ ಕೆಳಗಿಟ್ಟು ಬೆಂಕಿಯ ಹತ್ತಿರ ಸರಿದಳು.

"ನಾ ಏನೂ ಅನಲಿಲ್ಲ. ಕೈ ನಡುಗ್ತಿತ್ತು. ಉಡಿ ಬಿಚ್ಚಿದೆ. ಅಕ್ಕಿ ಸರಿಸಿದೆ. ಕಂದೀಲದ ಬೆಳಕಿಗೆ ಉಪ್ಪು ಹಿಂಗ ಹೊಳೀತು, ಬೆಳ್ಳಿ ರೊಕ್ಕ ಹೊಳದಂಗ. ಬಂದೂಕಿನವ ಮುಂದ ಬಂದ. ಮುನ್ಷಿ ಅವನಿಗೆ ಕೈ ಅಡ್ಡ ಹಿಡದ. ಒಂದು ಹರಳು ತಗೊಂಡ. ನಾಲಿಗಿ ಮ್ಯಾಲ ಇಟಗೊಂಡ. ಕಣ್ಣು ಮುಚ್ಚಿದ."

"ಮುಂದ?"

"ಮುಂದ ಏನು. ಒಳಗಿನಿಂದ ಒಂದು ಬಟ್ಟಲಾ ತರಿಸಿದ. ಅರ್ಧ ಸೇರು ಕೊಡ್ತಿ ಏನವ್ವಾ, ಮನ್ಯಾಗ ಮಕ್ಕಳು ಎಂಟು ದಿನ ಆತು ಸಪ್ಪನ್ನ ಉಂಡು ಅಂದ. ಕೊಟ್ಟೆ. ಬ್ಯಾಡ ಬ್ಯಾಡ ಅಂದ್ರೂ ಚಾರಾಣೆ ನನ್ನ ಉಡಿಗಿ ಹಾಕಿದ. ಹಾಲಿ ಚಾರಾಣೆ."

ಉಪ್ಪಿಗೆ ಸುಂಕ ಬರೆದನೇ ಅಂತ ನಾನು ಕೇಳಿದೆ. ಆಯಿ ನಕ್ಕಳು. ಬಂದೂಕಿನವರಿಗೂ ಒಂದೊಂದು ಹಿಡಿ ಕೊಟ್ಟಳಂತೆ. ಮನೆಗೆ ಬಂದು ನೋಡಿದರೆ ಉಳಿದದ್ದು ಎರಡು ಸೇರು. ಊರಿನ ಹನ್ನೊಂದು ಮನೆಗೆ ಅದನ್ನು ಹಂಚಿದಳು ಅತ್ತೆ, ಒಂದು ಮನೆಯನ್ನೂ ಬಿಡದೆ ಕೇರಿಯ ಲೆಕ್ಕದಲ್ಲಿ.

ಸೆಪ್ಟೆಂಬರ್ 13ಕ್ಕೆ ಸೋಲಾಪುರದ ಕಡೆಯಿಂದ ಹಿಂದುಸ್ತಾನದ ಫೌಜು ನಳದುರ್ಗಕ್ಕೆ ನುಗ್ಗಿತು. 17ಕ್ಕೆ ಎಲ್ಲ ಮುಗಿಯಿತು. ಆ ದಿನಗಳಲ್ಲಿ ಮತ್ತು ಅದರ ಹಿಂದುಮುಂದು ನಮ್ಮ ಸೀಮೆಯಲ್ಲಿ ನಡೆದದ್ದನ್ನೆಲ್ಲ ಮುತ್ಯಾ ಬೆಂಕಿಯ ಮುಂದೆ ಹೇಳುತ್ತಿರಲಿಲ್ಲ. ಎರಡೂ ಕಡೆ ಹೆಣ ಬಿದ್ದಿದ್ದವು ಅಂತ ಒಮ್ಮೆ ಅಂದಿದ್ದ. ದಸರೆ ಮುಗಿಸಿ ದುಧನಿಗೆ ಹೋದ. ಅಡತ್ಯಾ ಕೆಂಪು ಪುಸ್ತಕ ಬಿಚ್ಚಿ, ಗೆರೆಗೆ ಬೆರಳಿಟ್ಟು, ಕಲದಾರ ಎಣಿಸಿಕೊಟ್ಟ. ನಾಕಾದ ಮುನ್ಷಿಯನ್ನು ಹುಡುಕಿದರೆ ಅವನು ಅಲ್ಲಿರಲಿಲ್ಲ. ಎಲ್ಲಿ ಹೋದನೆಂದು ಯಾರೂ ಹೇಳಲಿಲ್ಲ.

"ಹಂಗಾದ್ರ ಅವತ್ತೇ ಏಳಕ್ಕ ಏಳು ಆತಲ್ಲ?" ಅಂದೆ ನಾನು.

ಆಗಲಿಲ್ಲ. ದೇಶ ಒಂದಾದದ್ದು ಐದು ದಿನಗಳಲ್ಲಿ. ರೂಪಾಯಿ ಒಂದಾಗಲು ಹನ್ನೊಂದು ವರ್ಷ. 1950ರಲ್ಲಿ ಹಿಂದುಸ್ತಾನದ ರೂಪಾಯಿ ಕಾನೂನಿನಂತೆ ಬಂತು, ಹಾಲಿಯೂ ಅದರ ಜೊತೆಗೇ ನಡೆಯಿತು, ಅದೇ ಏಳಕ್ಕೆ ಆರರ ಲೆಕ್ಕದಲ್ಲಿ. ಹೊಸ ಹಾಲಿ ಹೊರಡುವುದು 1951ಕ್ಕೆ ನಿಂತಿತು, ಪೂರ್ತಿ ರದ್ದಾದದ್ದು 1959ರಲ್ಲಿ. ಅಷ್ಟರೊಳಗೆ 1956ರ ನವೆಂಬರ್ 1 ಬಂದು ಅದೇ ಬದುವಿನ ಮೇಲೆ ಹೊಸ ಗೀಟು ಎಳೆಯಿತು, ಈ ಸಲ ಭಾಷೆಯ ಹೆಸರಿನಲ್ಲಿ. ಆಯಿಯ ತವರು ಮುಂಬಯಿ ರಾಜ್ಯ, ನಾವು ಮೈಸೂರು. ಅಕ್ಕಲಕೋಟ ಕರ್ನಾಟಕಕ್ಕೆ ಬರಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿತು, ಬರಲಿಲ್ಲ. ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಬಂದವು. ಲಾರಿಯವರು ಅಲ್ಲಿ ರಾತ್ರಿಯೆಲ್ಲ ನಿಂತು ಚಹಾ ಕುಡಿಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಅವು ಹೋದದ್ದು 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಮೇಲೆ. ಒಂದೇ ದೇಶದೊಳಗಿನ ಕಥೆ ಇದು. ದಕ್ಷಿಣ ಏಷ್ಯಾದ ದೇಶಗಳು ತಮ್ಮತಮ್ಮೊಳಗೆ ಮಾಡುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದಲ್ಲಿ ನೂರಕ್ಕೆ 5ರ ಆಸುಪಾಸು ಅಂತ ಓದಿದಾಗ ನನಗೆ ಅಷ್ಟು ಸೋಜಿಗ ಆಗದಿದ್ದದ್ದು ಇದಕ್ಕೇ ಇರಬೇಕು.

ಇನ್ನೊಂದು ಬೆಂಕಿ. 2015ರ ಚಳಿಗಾಲ. ಮುತ್ಯಾ ತೀರಿಹೋಗಿದ್ದ. ಆಯಿ ಇದ್ದಳು, ಕಿವಿ ಸ್ವಲ್ಪ ಮಂದ. ಬಿಎಸ್‌ಎಫ್‌ನಿಂದ ನಿವೃತ್ತಿಯಾಗಿ ಊರಿಗೆ ಬಂದಿದ್ದ ನಮ್ಮ ಪೈಕಿಯ ಒಬ್ಬ ಮೇಘಾಲಯದ ಗಡಿಯ ಸುದ್ದಿ ತೆಗೆದ. ಗಾರೋ ಗುಡ್ಡದ ಕಾಲಾಯಿಚಾರ್‌ನಲ್ಲಿ, ಬಾಂಗ್ಲಾದ ಬಾಲಿಯಾಮಾರಿಯ ಎದುರಿಗೆ, 2011ರ ಜುಲೈಯಲ್ಲಿ ಗಡಿಯ ಮೇಲೇ ಒಂದು ಸಂತೆ ಸುರುವಾಗಿದೆ. ಬಾರ್ಡರ್ ಹಾಟ್ ಅಂತಾರೆ. ಸುತ್ತ ಐದು ಕಿಲೋಮೀಟರ್ ಒಳಗಿನ ಊರಿನವರಿಗೆ ಮಾತ್ರ. ಪಾಸ್‌ಪೋರ್ಟ್ ಬೇಡ. ಅಲ್ಲೇ ಬೆಳೆದ ಕಾಯಿಪಲ್ಲೆ, ಹಣ್ಣು, ಮಸಾಲೆ, ಬಿದಿರು, ಕಸಬರಿಗೆ, ಗಮ್ಛಾ, ಲುಂಗಿ. ಸುಂಕ ಇಲ್ಲ. ರೂಪಾಯಿಯೂ ನಡೆಯುತ್ತದೆ, ಟಾಕಾವೂ ನಡೆಯುತ್ತದೆ.

"ಎಷ್ಟಕ್ಕ ಎಷ್ಟು?" ಅಂದಳು ಆಯಿ. ಇದೊಂದು ಮಾತು ಅವಳಿಗೆ ಸರಿಯಾಗಿ ಕೇಳಿಸಿತ್ತು.

ಅವನು ಅವತ್ತಿನ ದರ ಹೇಳಿದ. ಆಯಿ ಬೆರಳು ಮಡಚಿ ಒಂದಿಷ್ಟು ಹೊತ್ತು ಕೂತಳು.

"ಉಪ್ಪು ಬಿಡ್ತಾರಾ?"

"ಉಪ್ಪಿಂದು ನನಗ ಖ್ಯಾಲ ಇಲ್ಲವ್ವಾ. ಗೇಟಿನ ಮ್ಯಾಲ ನಿಂತಿರ್ತಿದ್ದೆ."

"ಗೇಟಿನ ಮ್ಯಾಲ ನಿಂತವ್ರಿಗೇ ಗೊತ್ತಿರ್ಬೇಕು," ಅಂದು ಅವಳು ಮುಖ ತಿರುಗಿಸಿದಳು.

ಇಷ್ಟು ಹೇಳಿದರೆ ನಾನು ನಾಕಾಗಳ ವೈರಿ ಅಂತ ಅನ್ನಿಸಬಹುದು. ತೊಗರಿ ಬೆಳೆಯುವವನು ಅಷ್ಟು ಸುಲಭವಾಗಿ ಹಾಗೆ ಅನ್ನಲಾರ. 2016ರಲ್ಲಿ ಬೇಳೆ ತುಟ್ಟಿಯಾಗಿ ದೇಶವೆಲ್ಲ ಗದ್ದಲ ಎದ್ದಾಗ ಸರಕಾರ ಮೊಜಾಂಬಿಕ್ ಜೊತೆ ಕರಾರು ಮಾಡಿಕೊಂಡಿತು: ಮೊದಲ ವರ್ಷ 1 ಲಕ್ಷ ಟನ್ ತೊಗರಿ, ಏರುತ್ತ ಏರುತ್ತ ಐದನೇ ವರ್ಷಕ್ಕೆ 2 ಲಕ್ಷ. ಬರ್ಮಾದಿಂದ ಮೊದಲಿಂದಲೂ ಬರುತ್ತಿತ್ತು, ಅಡತಿಯಲ್ಲಿ ಅದಕ್ಕೆ ಲೆಮನ್ ಅಂತಾರೆ. ಆ ವರ್ಷ ನಮ್ಮಲ್ಲೂ ಮಳೆ ಆಯಿತು, ತೊಗರಿ ಬದುವಿನಾಚೆ ಚೆಲ್ಲುವಷ್ಟು ಬಂತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5,050. ಪೇಟೆಯಲ್ಲಿ ಅದರ ಹತ್ತಿರವೂ ಸುಳಿಯಲಿಲ್ಲ. ಖರೀದಿ ಕೇಂದ್ರದ ಸಾಲಿನಲ್ಲಿ ನಾನು ಚೀಲದ ಮೇಲೆ ಎರಡು ರಾತ್ರಿ ಮಲಗಿದೆ. 2017ರ ಮಾರ್ಚ್‌ನಲ್ಲಿ ಹೊರಗಿನ ತೊಗರಿಗೆ ನೂರಕ್ಕೆ 10 ಸುಂಕ ಬಿತ್ತು, ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್ನಿನ ಕಟ್ಟು ಬಿತ್ತು, ಅಂದರೆ ನಾಕಾ ಬಂದ್. ನನಗೆ ಖುಷಿಯೇ ಆಯಿತು. 2021ರಲ್ಲಿ ಮತ್ತೆ ತೆರೆದರು, ಮಲಾವಿಯೂ ಸೇರಿತು. ಆಗ ಖುಷಿಯಾಗಲಿಲ್ಲ. ಉಪ್ಪು ಇಲ್ಲದವನಿಗೆ ನಾಕಾ ಒಂದು ತರಹ, ತೊಗರಿ ಇದ್ದವನಿಗೆ ಒಂದು ತರಹ. ಮೊಜಾಂಬಿಕಿನಲ್ಲಿ ತೊಗರಿ ಬೆಳೆದು ನಮ್ಮ ಬೆಲೆ ಕೇಳುತ್ತ ಕೂತ ರೈತನ ಬಗ್ಗೆ ಒಮ್ಮೊಮ್ಮೆ ಯೋಚನೆ ಬರುತ್ತದೆ. ಅವರು ಅದನ್ನು ಬೆಳೆಯುವುದೇ ಹೆಚ್ಚಾಗಿ ನಮಗಾಗಿ. ನಮ್ಮ ನಾಕಾ ಮುಚ್ಚಿದರೆ ಅವನು ಅದನ್ನು ಯಾರ ಖಾತೆಯಲ್ಲಿ ಇಡುತ್ತಾನೆ?

ಆಯಿಗೆ ಕೊನೆಕೊನೆಗೆ ನೆನಪು ಹಿಂದಕ್ಕೆ ಹೋಗಿತ್ತು. ನನ್ನನ್ನು ಒಮ್ಮೊಮ್ಮೆ ಮುತ್ಯಾನ ಹೆಸರಿನಿಂದ ಕರೆಯುತ್ತಿದ್ದಳು. ಆದರೆ ಮನೆಯಿಂದ ಯಾರು ದುಧನಿಗೆ ಹೊರಟರೂ ಅದು ಹೇಗೋ ಅವಳಿಗೆ ತಿಳಿದುಬಿಡುತ್ತಿತ್ತು. "ಬರ್ವಾಗ ಉಪ್ಪು ತಗೊಂಡು ಬಾ" ಅನ್ನುತ್ತಿದ್ದಳು. ಹರಳುಪ್ಪೇ ಬೇಕು. ಎರಡು ಹೆಜ್ಜೆ ಇಟ್ಟರೆ ಅಂಗಡಿ ಇದೆ, ಅದರಲ್ಲಿ ಬೇಕಾದಷ್ಟು ಉಪ್ಪಿದೆ ಅಂದರೆ ಕೇಳುತ್ತಿರಲಿಲ್ಲ.

2017ರ ಡಿಸೆಂಬರ್‌ನಲ್ಲಿ ಹೊಸ ತೊಗರಿಯ ನಾಲ್ಕು ಚೀಲ ಟೆಂಪೋದಲ್ಲಿ ಹಾಕಿಕೊಂಡು ದುಧನಿಗೆ ಹೋದೆ. ಅವತ್ತು ಅಲ್ಲಿ ರೇಟು ಸ್ವಲ್ಪ ಮೇಲಿತ್ತು. ಬರುವಾಗ ಮರೆಯದೆ ಒಂದು ಕಿಲೋ ಹರಳುಪ್ಪು ತಂದೆ. ಆಯಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಪೊಟ್ಟಣವನ್ನು ಎರಡೂ ಕೈಯಲ್ಲಿ ತೂಗಿ ನೋಡಿದಳು.

"ಎಷ್ಟು ಕೊಟ್ಟಿ?"

ಹೇಳಿದೆ.

"ಇಲ್ಲಿ ನಮ್ಮ ಅಂಗಡ್ಯಾಗ ಎಷ್ಟದ?"

"ಅಷ್ಟೇ."

"ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ?"

"ಹೂಂ ಆಯಿ."

"ಹಂಗಾದ್ರ ಏಳಕ್ಕ ಎಷ್ಟು?"

"ಏಳಕ್ಕ ಏಳು."

ಅವಳು ನನ್ನನ್ನೇ ನೋಡಿದಳು, ಸಂತೆಯಲ್ಲಿ ತಪ್ಪು ಚಿಲ್ಲರೆ ಕೊಟ್ಟವನನ್ನು ನೋಡುವ ಹಾಗೆ. ಆಮೇಲೆ ಸೆರಗಿನ ತುದಿ ಬಿಚ್ಚಿ, ಪೊಟ್ಟಣವನ್ನು ಅದರಲ್ಲಿಟ್ಟು ಗಂಟು ಹಾಕಿ, ಗೋಡೆ ಹಿಡಿದುಕೊಂಡು ಒಳಗೆ ಗಡಗಿಯ ಕಡೆ ಹೋದಳು.